ತರಬೇತಿಗೆ ಹೊರಡುವ ಶಿಕ್ಷಕರು ಬಿಟ್ಟುಹೋಗಬೇಕಾದ ಫೈಲು

ತರಬೇತಿಯ ಆದೇಶ ಬಹಳ ಸಲ ಹಿಂದಿನ ದಿನ ಸಂಜೆ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ಆಗ ಶಾಲೆಗೆ ಬೀಗ ಬಿದ್ದಿರುತ್ತದೆ. ಮುನಿರಾಬಾದಿನ ಡಯಟ್‌ಗೆ (ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆಗೆ) ಹೋಗಬೇಕಾದರೆ ಕುಷ್ಟಗಿ ಕಡೆಯವರು ಮರುದಿನ ಪ್ರಾರ್ಥನೆಗೂ ಮೊದಲೇ ಬಸ್ಸಿನಲ್ಲಿರುತ್ತಾರೆ. ತರಗತಿಯ ವಿಷಯ ಯಾರಿಗೂ ಹೇಳಿ ಹೋಗಲು ಸಮಯವೇ ಸಿಗುವುದಿಲ್ಲ. ಆದ್ದರಿಂದ ಆದೇಶಕ್ಕೆ ಕಾಯಬಾರದು. ಒಂದು ದಿನದ ಕೆಲಸ ಇರುವ ಫೈಲು ವರ್ಷವಿಡೀ ಸಿದ್ಧವಿರಬೇಕು, ತಿಂಗಳಿಗೊಮ್ಮೆ ಬದಲಾಗಬೇಕು. ಅದನ್ನು ತರಗತಿಯ ಬೀರುವಿನಲ್ಲಿ ಇಡಬೇಡಿ. ಬೀರುವಿನ ಕೀಲಿ ನಿಮ್ಮ ಬ್ಯಾಗಿನಲ್ಲೇ ತರಬೇತಿಗೆ ಬಂದುಬಿಡುತ್ತದೆ. ಮುಖ್ಯ ಗುರುಗಳ ಮೇಜಿನ ಮೇಲೆ ಇರಲಿ.

ಬದಲಿಗೆ ಬಂದವರ ಕ್ಲಾಸು ಗದ್ದಲವಾದರೆ ಮಕ್ಕಳ ಮೇಲೆ ತಪ್ಪು ಹೊರಿಸುತ್ತೇವೆ. ನಿಜವಾಗಿ ಆಗುವುದು ಬೇರೆ: ನಲವತ್ತು ನಿಮಿಷದ ಪಿರಿಯಡ್ಡಿಗೆ ಕೊಟ್ಟ ಕೆಲಸ ಹನ್ನೆರಡು ನಿಮಿಷಕ್ಕೇ ಮುಗಿದಿರುತ್ತದೆ. ಪಾಠ ನೋಡಿ ಬರೆಯಿರಿ ಅಂದರೆ ಚುರುಕಾದವರು ಬೇಗ ಮುಗಿಸಿ ‘ಆತ್ರೀ ಅಕ್ಕೋರ’ ಅಂತ ಎದ್ದು ನಿಲ್ಲುತ್ತಾರೆ, ನಿಧಾನದವರು ಎರಡನೇ ಸಾಲಿನಲ್ಲೇ ಇರುತ್ತಾರೆ. ಇಬ್ಬರಿಗೂ ಹೊಂದುವ, ಹಿಗ್ಗಿಸಬಹುದಾದ ಕೆಲಸ ಬೇಕು.

ನಾಲ್ಕನೇ ತರಗತಿಯ ಗಣಿತಕ್ಕೆ ಇಂಥದ್ದೊಂದು ಇಡಬಹುದು. ಬೋರ್ಡಿನ ಮೇಲೆ 3, 0, 7, 5 ಬರೆದು, ಪ್ರತಿ ಅಂಕಿಯನ್ನೂ ಒಂದೇ ಸಲ ಬಳಸಿ ನಾಲ್ಕಂಕಿಯ ಸಂಖ್ಯೆಗಳನ್ನು ಮಾಡಲು ಹೇಳುವುದು. ನಿಧಾನದವರು ಐದಾರು ಬರೆದರೂ ಸಾಕು. ಚುರುಕಾದವರು ಎಲ್ಲವನ್ನೂ ಹುಡುಕಲಿ. ಆಮೇಲೆ ಏರಿಕೆ ಕ್ರಮದಲ್ಲಿ ಜೋಡಿಸಿ, ಅತಿ ದೊಡ್ಡದರಿಂದ ಅತಿ ಚಿಕ್ಕದನ್ನು ಕಳೆಯಲಿ. ಉತ್ತರವನ್ನು ಫೈಲಿನಲ್ಲಿ ಬರೆದಿಡಲೇಬೇಕು, ಏಕೆಂದರೆ ಆ ಪಿರಿಯಡ್ಡಿಗೆ ಬರುವವರು ಕನ್ನಡದವರೋ ಪಿಇ ಸರೋ ಆಗಿರಬಹುದು: 3, 5, 7ರಿಂದ ಶುರುವಾಗುವವು ತಲಾ ಆರು, ಒಟ್ಟು 18, ದೊಡ್ಡದು 7530, ಚಿಕ್ಕದು 3057, ವ್ಯತ್ಯಾಸ 4473. ಪಕ್ಕದಲ್ಲೇ ಇನ್ನೊಂದು ಸಾಲು: ‘ಅರ್ಧದಷ್ಟು ಮಕ್ಕಳು 0357 ಚಿಕ್ಕದು ಅಂತಾರೆ. ಸೊನ್ನೆ ಮುಂದೆ ಬಂದರೆ ಅದು ಮೂರಂಕಿಯ ಸಂಖ್ಯೆ.’ ಇಷ್ಟಿದ್ದರೆ ಯಾರು ಬೇಕಾದರೂ ಧೈರ್ಯದಿಂದ ತರಗತಿ ನಡೆಸುತ್ತಾರೆ.

ಹೊಸ ಪಾಠವನ್ನು ಮಾತ್ರ ಬಿಟ್ಟು ಹೋಗಬೇಡಿ. ದಶಕ ಬಿಡಿಸಿ ಕಳೆಯುವುದನ್ನು ನೀವು ಕಡ್ಡಿ ಕಟ್ಟಿನಿಂದ ತೋರಿಸುತ್ತಿದ್ದರೆ, ಬಂದವರು ನೇರವಾಗಿ ‘ಪಕ್ಕದ ಮನೆಯಿಂದ ಒಂದು ಸಾಲ ತಗೋ’ ಅಂದುಬಿಡುತ್ತಾರೆ. ಮಗು ಎರಡನ್ನೂ ಕಲಸುತ್ತದೆ. ಬಿಡಿಸಲು ನಿಮಗೆ ವಾರ ಬೇಕು.

ಚಿಕ್ಕ ತರಗತಿಗಳ ಮಕ್ಕಳು ಒಟ್ಟಿಗೆ ಕೂತು, ‘ಏಣಿ’ ಎಂಬ ಕಲಿಕೆಯ ಪಟ್ಟಿಯಂತೆ ಕಾರ್ಡುಗಳಿಂದ ತಂತಮ್ಮ ವೇಗದಲ್ಲಿ ಕಲಿಯುವ ನಲಿಕಲಿ ಕೊಠಡಿಯ ಕಷ್ಟ ಇದಕ್ಕಿಂತ ದೊಡ್ಡದು. ಯಾವ ಮಗು ಏಣಿಯ ಯಾವ ಮೆಟ್ಟಿಲಿನಲ್ಲಿದೆ ಎಂಬುದು ಹೊಸಬರಿಗೆ ತಿಳಿಯದು, ಕಾರ್ಡುಗಳನ್ನು ಹೊರಗೆ ತೆಗೆದರೆ ಸಂಜೆಗೆ ಒಂದು ಟ್ರೇಯವು ಇನ್ನೊಂದಕ್ಕೆ ಸೇರಿರುತ್ತವೆ. ಆ ದಿನ ಏಣಿ ನಿಲ್ಲಲಿ. ಹಾಡು, ಕಥೆ, ಬೀಜ ಎಣಿಸಿ ಹತ್ತರ ಗುಂಪು ಮಾಡುವುದು, ಚಿತ್ರ ಬಿಡಿಸಿ ಹೆಸರು ಬರೆಯುವುದು, ಇಷ್ಟು ಸಾಕು.

ನಾಲ್ಕು, ಐದನ್ನು ಒಂದೇ ಕೋಣೆಯಲ್ಲಿ ಕೂಡಿಸಿದರೆ ಬೋರ್ಡಿಗೆ ನಡುವೆ ಗೆರೆ ಎಳೆದು, ಒಂದು ತರಗತಿ ಬರೆಯುವಾಗ ಇನ್ನೊಂದಕ್ಕೆ ಬಾಯಿ ಕೆಲಸ ಇರಲಿ. ಎರಡಕ್ಕೂ ಬರವಣಿಗೆ ಕೊಟ್ಟರೆ ಪುಸ್ತಕ ತಿದ್ದಿಸಲು ಎಲ್ಲರೂ ಒಟ್ಟಿಗೇ ಮುತ್ತಿಕೊಳ್ಳುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು ಅಡುಗೆಮನೆಯ ಲೆಕ್ಕದಲ್ಲಿ. ಹಾಜರಿ ಪುಸ್ತಕ ಸಿಗದೆ ಬದಲಿಯವರು ಅಂದಾಜಿನ ಮೇಲೆ 45 ಅನ್ನುತ್ತಾರೆ, ಇರುವುದು 38. ಐದನೇ ತರಗತಿಯವರೆಗೆ ತಲೆಗೆ 100 ಗ್ರಾಂ ಅಕ್ಕಿ, ಅಲ್ಲಿಗೆ 700 ಗ್ರಾಂ ಹೆಚ್ಚು ಬೆಂದಿತು. ಹತ್ತಿ ಬಿಡಿಸುವ ದಿನಗಳಲ್ಲಿ ಹಾಜರಿ ದಿನಕ್ಕೊಂದು ಥರ ಇರುವುದರಿಂದ ನಿನ್ನೆಯ ಲೆಕ್ಕವನ್ನೂ ನಂಬುವ ಹಾಗಿಲ್ಲ. ಪ್ರಾರ್ಥನೆ ಮುಗಿದ ಕೂಡಲೇ ತಲೆ ಎಣಿಸಿ, ಅಡುಗೆಯವರು ಮೊಟ್ಟೆ ಒಲೆಗಿಡುವ ಮೊದಲು ಸಂಖ್ಯೆ ತಲುಪಿಸಬೇಕು. ಮೊಟ್ಟೆ ತಿನ್ನದೆ ಬಾಳೆಹಣ್ಣು ತಗೊಳ್ಳುವ ಮಕ್ಕಳ ಹೆಸರು ಫೈಲಿನ ಮೊದಲ ಹಾಳೆಯಲ್ಲೇ ಇರಲಿ. ಮೂರ್ಛೆ ಬರುವ ಮಗು, ಉಬ್ಬಸದ ಮಗು ಇದ್ದರೆ ಅವರ ಹೆಸರೂ, ಮನೆಯವರ ಫೋನ್ ನಂಬರೂ ಅದೇ ಹಾಳೆಯಲ್ಲಿ. ಊಟವಾದ ಮೇಲೆ ಇನ್ನೊಮ್ಮೆ ಎಣಿಸಬೇಕು. ‘ಇವತ್ತು ನಮ್ ಸರ್ ಇಲ್ಲ’ ಅಂತ ಮನೆ ಕಡೆ ಜಾರುವುದು ಆಗಲೇ.

ಮಾನಿಟರ್ ಕೈಗೆ ಸುಣ್ಣದ ಕಡ್ಡಿ ಕೊಟ್ಟು ಮಾತಾಡಿದವರ ಹೆಸರು ಬರೆಸುವ ಪದ್ಧತಿಯನ್ನು ದಯವಿಟ್ಟು ಬಿಡಿ. ಅಂದಿನ ಜಗಳಗಳಲ್ಲಿ ಬಹುಪಾಲು ಆ ಪಟ್ಟಿಯಿಂದಲೇ ಹುಟ್ಟುತ್ತವೆ. ಮಾನಿಟರ್ ಪುಸ್ತಕ ಹಂಚಲಿ, ನೀರಿನ ಸರದಿ ನೋಡಲಿ.

ಒಂದೇ ಶಾಲೆಯ ಇಬ್ಬರ ಹೆಸರು ಒಂದೇ ಬ್ಯಾಚಿಗೆ ಬಂದಿದ್ದರೆ ಆ ರಾತ್ರಿಯೇ ಸಿಆರ್‌ಪಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ) ಫೋನ್ ಮಾಡಿ, ಒಬ್ಬರನ್ನು ಮುಂದಿನ ಬ್ಯಾಚಿಗೆ ಹಾಕಲು ಕೇಳಿ. ಮರಳಿ ಬಂದ ದಿನ ಮೊದಲು ಫೈಲಿನ ಕೊನೆಯ ಖಾಲಿ ಹಾಳೆ ನೋಡಿ. ಯಾವ ಕೆಲಸ ಎಷ್ಟು ನಿಮಿಷ ಹಿಡಿಯಿತು, ಯಾರು ಮಧ್ಯಾಹ್ನ ಇರಲಿಲ್ಲ ಎಂದು ಬರೆಯಲು ಅದನ್ನು ಬಿಟ್ಟಿರಬೇಕು. ಬೇಗ ಮುಗಿದ ಕೆಲಸವನ್ನು ತೆಗೆದು, ಅದೇ ದಿನ ಬೇರೆಯದನ್ನು ಸೇರಿಸಿಬಿಡಿ.