ಮರಳಲ್ಲಿ ಹೂತಿದ್ದ ಎಡ್ಫು ಗುಡಿ

ನಿನ್ನೆ ರಾತ್ರಿ ಸುಮ್ನೆ ಡೇವಿಡ್ ರಾಬರ್ಟ್ಸ್ ಬಿಡಿಸಿದ ಈಜಿಪ್ಟ್ ಚಿತ್ರಗಳನ್ನು ನೋಡುತ್ತಾ ಕೂತಿದ್ದೆ. ಸ್ಕಾಟ್ಲೆಂಡಿನವನು. ಮನೆಗೆ ಬಣ್ಣ ಬಳಿಯುವ ಕೆಲಸ ಕಲಿತು, ಆಮೇಲೆ ನಾಟಕದ ಪರದೆ ಬರೆಯುತ್ತಿದ್ದವನು, 1838ರಲ್ಲಿ ಈಜಿಪ್ಟಿಗೆ ಹೋಗಿ ನೈಲ್ ನದಿಯಲ್ಲಿ ದೋಣಿ ಹಿಡಿದು ದಕ್ಷಿಣದಲ್ಲಿ ಪುರಾತನ ಗುಡಿಗಳಿರುವ ಅಬು ಸಿಂಬೆಲ್‌ವರೆಗೂ ಹೋಗಿಬಂದ. ಆ ಪರದೆಯ ಕೈಚಳಕ ಚಿತ್ರಗಳಲ್ಲೂ ಕಾಣುತ್ತದೆ. ಎಲ್ಲಾ ದೊಡ್ಡದು, ಎಲ್ಲದಕ್ಕೂ ಸಂಜೆಬಿಸಿಲು!

ನನಗೆ ಜಾಸ್ತಿ ಹಿಡಿಸಿದ್ದು ಎಡ್ಫು. ನೈಲ್ ದಡದ ಆ ಊರಿನಲ್ಲಿರೋದು ಹೋರಸ್ ಅನ್ನೋ ಪುರಾತನ ಈಜಿಪ್ಟ್ ದೇವರ ಗುಡಿ. ಆಗ ಕಂಬಗಳ ತಲೆಯವರೆಗೂ ಮರಳು ತುಂಬಿಕೊಂಡಿತ್ತು, ಚಾವಣಿ ಮೇಲೆ ಜನ ಮನೆ ಕಟ್ಟಿಕೊಂಡು ಸಂಸಾರ ಮಾಡುತ್ತಿದ್ದರು. 1860ರ ಸುಮಾರಿಗೆ ಫ್ರೆಂಚ್ ಪುರಾತತ್ವಜ್ಞ ಮಾರಿಯೆಟ್ ಮರಳು ತೆಗೆಸಿದ, ಮನೆಗಳನ್ನೂ ತೆಗೆಸಿದ. ಈಗ ಅದು ಈಜಿಪ್ಟಿನಲ್ಲಿ ತುಂಬಾ ಚೆನ್ನಾಗಿ ಉಳಿದಿರುವ ಗುಡಿಗಳಲ್ಲಿ ಒಂದು. ಖುಷಿಯ ವಿಷಯವೇ, ಆದರೆ ಆ ಮನೆಯವರ ಹೆಸರು ಯಾರಿಗಾದರೂ ಗೊತ್ತಾ?

ರಾಬರ್ಟ್ಸ್‌ನ ಬೇರೆ ಚಿತ್ರಗಳಲ್ಲೂ ಅಲ್ಲಿನ ಜನರ ಪಾಡು ಅಷ್ಟೇ. ಪೇಟ ಸುತ್ತಿಕೊಂಡು ಕಂಬದ ಬುಡದಲ್ಲಿ ಒರಗಿ ಕೂತವರು, ಕಂಬ ಎಷ್ಟು ಎತ್ತರ ಅಂತ ತೋರಿಸೋದಕ್ಕೆ ಇಟ್ಟ ಅಳತೆಕೋಲಿನ ಹಾಗೆ. ಅದೇ ಹೊತ್ತಿಗೆ ಈಜಿಪ್ಟ್ ಆಳುತ್ತಿದ್ದ ಮುಹಮ್ಮದ್ ಅಲಿ ಹತ್ತಿ ಬೆಳೆಸಿ ಯೂರೋಪಿಗೆ ಮಾರುತ್ತಿದ್ದ, ಕಾಲುವೆ ತೋಡಿಸುತ್ತಿದ್ದ, ಕಾರ್ಖಾನೆ ಹಾಕಿಸಿದ್ದ. ಆದರೆ ಲಂಡನ್ನಿನಲ್ಲಿ ಚಂದಾ ಕಟ್ಟಿ ಈ ಚಿತ್ರಗಳ ಅಚ್ಚುಪ್ರತಿಗಳನ್ನು ಕೊಳ್ಳುವವರಿಗೆ ಬೇಕಾಗಿದ್ದು ಕಾರ್ಖಾನೆ ಅಲ್ಲ ಅಲ್ವಾ, ಪಾಳುಗುಡಿ.

ಇಷ್ಟೆಲ್ಲಾ ಗೊಣಗಿ, ಕೊನೆಗೆ ಎಡ್ಫು ಚಿತ್ರವನ್ನೇ ಫೋನಿನ ವಾಲ್‌ಪೇಪರ್ ಮಾಡಿಕೊಂಡಿದ್ದೇನೆ.