ಮೂವರು ಗಂಧರ್ವರು, ಒಂದು ಫೋಲ್ಡರು

ಪುಣೆಯ ಕೋಥ್ರೂಡಿನಲ್ಲಿರುವ ಧಾರವಾಡದ ಕಾಕಾ ಒಬ್ಬರ ಹಾಡುಗಳ ಹಾರ್ಡ್‌ಡಿಸ್ಕನ್ನು ಒಪ್ಪ ಮಾಡಲು ಕೂತ ಭಾನುವಾರ ಮೊದಲು ತೆರೆದದ್ದು ‘ಸವಾಯಿ ಗಂಧರ್ವ’ ಎಂಬ ಫೋಲ್ಡರು. ಒಳಗೆ ಮುನ್ನೂರಕ್ಕೂ ಹೆಚ್ಚು ಫೈಲುಗಳಿದ್ದವು. ಪ್ರತಿಯೊಂದರಲ್ಲೂ ಗಾಯಕರ ಜಾಗದಲ್ಲಿ ಇದೇ ಹೆಸರು. ಆದರೆ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, ತೀರಿಕೊಂಡದ್ದು 1952ರಲ್ಲಿ. ಅವರ ಕಾಲದ 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಮೂರು, ಮೂರೂವರೆ ನಿಮಿಷ. ಇಲ್ಲಿ ನೋಡಿದರೆ ನಲವತ್ತೈದು ನಿಮಿಷದ ಖಯಾಲುಗಳು (ಹಿಂದುಸ್ತಾನಿಯ ವಿಸ್ತಾರ ಗಾಯನ), ಅದೂ ಸ್ಟೀರಿಯೊದಲ್ಲಿ. ಈ ಫೈಲುಗಳು ಬಂದ ಕ್ಯಾಸೆಟ್ಟಿನ ಚೀಟಿಯ ಮೇಲೆ ಬರೆದಿದ್ದದ್ದು ಗಾಯಕರ ಹೆಸರಲ್ಲ, ಉತ್ಸವದ ಹೆಸರು. ಭೀಮಸೇನ ಜೋಶಿಯವರು ಗುರುವಿನ ನೆನಪಿಗೆ 1953ರಲ್ಲಿ ಆರಂಭಿಸಿದ ಸಂಗೀತೋತ್ಸವ ಅದು. ಪುಣೆಯ ಜನ ಡಿಸೆಂಬರಿನಲ್ಲಿ ‘ಸವಾಯಿಗೆ ಹೋಗಿದ್ದೆ’ ಎನ್ನುತ್ತಾರೆಯೇ ಹೊರತು ಉತ್ಸವಕ್ಕೆ ಹೋಗಿದ್ದೆ ಎನ್ನುವುದಿಲ್ಲ.

‘ಬಾಲಗಂಧರ್ವ 85’ ಎಂಬ ಫೋಲ್ಡರಿನದೂ ಇದೇ ಕತೆ. ಮರಾಠಿ ರಂಗಭೂಮಿಯ ಗಾಯಕನಟ ಬಾಲಗಂಧರ್ವರು 1967ರಲ್ಲಿ ತೀರಿಕೊಂಡರು. ಜಂಗಲಿ ಮಹಾರಾಜ ರಸ್ತೆಯ ಬಾಲಗಂಧರ್ವ ರಂಗಮಂದಿರ ಶುರುವಾದದ್ದು 1968ರಲ್ಲಿ. ಹಾಗಾಗಿ 1985ರ ಬಾಲಗಂಧರ್ವ ಅಂದರೆ ರಂಗಮಂದಿರವೇ. ಮೂವರಲ್ಲಿ ಕುಮಾರ ಗಂಧರ್ವರೊಬ್ಬರು ಮಾತ್ರ ತಮ್ಮ ಹೆಸರಿನ ಫೋಲ್ಡರಿನಲ್ಲಿ ನಿಜವಾಗಿ ಹಾಡುತ್ತಿದ್ದರು. ಇಂಥದ್ದನ್ನು ಯಾವ ತಂತ್ರಾಂಶವೂ ಹಿಡಿದುಕೊಡುವುದಿಲ್ಲ. ದೊಡ್ಡ ಸಂಗ್ರಹಕ್ಕೆ ಟ್ಯಾಗ್ (ಗಾಯಕರು, ಶೀರ್ಷಿಕೆ ಮುಂತಾದವಕ್ಕೆ ಒಂದೊಂದು ಮನೆ ಇರುವ, ಫೈಲಿನೊಳಗಿನ ಚೀಟಿ) ಹಾಕುವಾಗ ಹೊತ್ತು ಹೋಗುವುದು ಒತ್ತುವ ಬಟನ್ನುಗಳಿಗಲ್ಲ, ಯಾವ ಹೆಸರು ಯಾವ ಮನೆಗೆ ಸೇರಬೇಕು ಎನ್ನುವ ತೀರ್ಮಾನಕ್ಕೆ.

ಒಟ್ಟು ಸುಮಾರು 11 ಸಾವಿರ ಫೈಲು, 190 ಜಿಬಿ. ಕೆಲಸ ಶುರು ಮಾಡುವ ಮೊದಲು ಇಡೀ ಡಿಸ್ಕಿನ ನಕಲು ಬೇರೆ ಡಿಸ್ಕಿಗೆ ಹೋಗಬೇಕು. ಹಳೆಯ ಯುಎಸ್‌ಬಿ 2 ಡಿಸ್ಕು ಸೆಕೆಂಡಿಗೆ 30 ಎಂಬಿಯ ಆಸುಪಾಸಿನಲ್ಲಿ ಓಡುತ್ತದೆ, ಅಂದರೆ ಒಂದೂಮುಕ್ಕಾಲು ಗಂಟೆ. ಬೇಸರವಾದರೂ ಇದನ್ನು ಬಿಡುವಂತಿಲ್ಲ, ಅದಕ್ಕೊಂದು ಕಾರಣವಿದೆ. ಎಂಪಿ3 ಫೈಲಿನ ತಲೆಯ ಭಾಗದಲ್ಲಿ ಟ್ಯಾಗಿಗೆಂದು ಸ್ವಲ್ಪ ಖಾಲಿ ಜಾಗ ಇರುತ್ತದೆ. ಹೊಸ ಬರಹ ಅದರೊಳಗೆ ಹಿಡಿದರೆ ಅಷ್ಟು ಭಾಗ ಮಾತ್ರ ಬದಲಾಗುತ್ತದೆ. ಹಿಡಿಯದಿದ್ದರೆ, ಉದಾಹರಣೆಗೆ 2 ಎಂಬಿಯ ಮುಖಚಿತ್ರ ತುರುಕಿದರೆ, ಇಡೀ ಫೈಲನ್ನೇ ಹೊಸದಾಗಿ ಬರೆಯಬೇಕಾಗುತ್ತದೆ. ಸಾವಿರ ಫೈಲುಗಳಿಗೆ ಹೀಗೆ ನಡೆಯುತ್ತಿರುವಾಗ ಯುಎಸ್‌ಬಿ ವೈರು ಅಲುಗಾಡಿದರೆ ಹಾಡು ಅರ್ಧಕ್ಕೇ ನಿಲ್ಲುತ್ತದೆ. ಮುಖಚಿತ್ರವನ್ನು 600 ಪಿಕ್ಸೆಲ್ ಅಗಲಕ್ಕೆ ಇಳಿಸಿ ಫೋಲ್ಡರಿಗೊಂದರಂತೆ ಇಟ್ಟರೆ ಸಾಕು.

ಆಮೇಲೆ ಜೋಡಿ ಫೈಲುಗಳ ಸರದಿ. ಚೆಕ್‌ಸಮ್ (ಫೈಲಿನ ಬೈಟುಗಳಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಹೋಲಿಸುವ ಸಲಕರಣೆಗಳು ಬೈಟಿಗೆ ಬೈಟು ಒಂದೇ ಆಗಿರುವುದನ್ನಷ್ಟೇ ಹಿಡಿಯುತ್ತವೆ. ಒಂದರ ಟ್ಯಾಗಿನಲ್ಲಿ ಒಂದಕ್ಷರ ಬೇರೆಯಿದ್ದರೂ ಅವುಗಳ ಲೆಕ್ಕಕ್ಕೆ ಅವು ಎರಡು ಹಾಡು. ಧ್ವನಿಯನ್ನು ನಷ್ಟವಿಲ್ಲದೆ ಕುಗ್ಗಿಸಿಡುವ ಫ್ಲ್ಯಾಕ್ ಫೈಲಿಗೆ ಈ ತೊಂದರೆ ಕಡಿಮೆ. ಧ್ವನಿಯ ಭಾಗಕ್ಕೆ ಮಾತ್ರ ಸೇರಿದ ಎಂಡಿ5 ಎಂಬ ಇಂಥದೇ ಗುರುತಿನ ಸಂಖ್ಯೆ ಫೈಲಿನೊಳಗೇ ಇರುತ್ತದೆ, ಟ್ಯಾಗ್ ಎಷ್ಟು ಬದಲಿಸಿದರೂ ಅದು ಬದಲಾಗುವುದಿಲ್ಲ. ಎಂಪಿ3ಗಳಿಗೆ ಧ್ವನಿಯ ಬೆರಳಚ್ಚು (ಧ್ವನಿಯಿಂದಲೇ ತೆಗೆದ ಗುರುತು) ಹೋಲಿಸುವ ಸಲಕರಣೆಯೇ ಬೇಕು. ಜೋಡಿ ಸಿಕ್ಕಾಗ ಒಂದು ಸೆಕೆಂಡಿನ ಧ್ವನಿಗೆ ಬಳಸಿದ ಬಿಟ್ಟುಗಳ ದೊಡ್ಡ ಸಂಖ್ಯೆ ನೋಡಿ 320 ಕೆಬಿಪಿಎಸ್‌ನದನ್ನು ಇಟ್ಟುಕೊಂಡು 128ರದನ್ನು ಅಳಿಸುವುದು ಸಾಮಾನ್ಯ ರೂಢಿ. ಧ್ವನಿಯ ಆವರ್ತನಗಳ ಚಿತ್ರ ತೋರಿಸುವ ಸ್ಪೆಕ್ ಎಂಬ ಪುಟ್ಟ ತಂತ್ರಾಂಶದಲ್ಲಿ ಒಮ್ಮೆ ತೆರೆದು ನೋಡುವುದು ವಾಸಿ. 320 ಎಂದು ಹೇಳಿಕೊಳ್ಳುವ ಫೈಲಿನ ಧ್ವನಿ 16 ಕಿಲೋಹರ್ಟ್ಸ್ ಹತ್ತಿರ ಗೋಡೆ ಕಟ್ಟಿದಂತೆ ನಿಂತಿದ್ದರೆ ಅದು 128ರದನ್ನೇ ಮತ್ತೆ ಊದಿಸಿದ್ದಿರಬಹುದು. ಆದರೆ ಕ್ಯಾಸೆಟ್ಟಿನಿಂದ ಬಂದ ಧ್ವನಿ ಮೊದಲೇ ಮೇಲಿನ ಸ್ವರಗಳಲ್ಲಿ ಸೊರಗಿರುತ್ತದೆ. ಅದಕ್ಕೆ ಈ ಪರೀಕ್ಷೆ ನಡೆಯುವುದಿಲ್ಲ.

ಮ್ಯೂಸಿಕ್‌ಬ್ರೇನ್ಜ್ ಪಿಕಾರ್ಡ್ ಟ್ಯಾಗ್ ಹಾಕುವ ಒಳ್ಳೆಯ ತಂತ್ರಾಂಶ, ಉಚಿತವೂ ಹೌದು. ‘ಸ್ಕ್ಯಾನ್’ ಒತ್ತಿದರೆ ಹಾಡಿನ ಬೆರಳಚ್ಚು ತೆಗೆದು ಅಕೌಸ್ಟ್‌ಐಡಿ ಕೋಶದಲ್ಲಿ ಹುಡುಕುತ್ತದೆ. ಸಿನಿಮಾ ಹಾಡು, ಸಿಡಿಯಿಂದ ಇಳಿಸಿಕೊಂಡ ಆಲ್ಬಮ್ಮು, ಇವುಗಳಲ್ಲಿ ಎಷ್ಟೋ ಸಲೀಸಾಗಿ ಸಿಗುತ್ತವೆ. ಯಾರೋ ಸಭೆಯ ಮೂಲೆಯಲ್ಲಿ ಕೂತು ಟೇಪ್ ಮಾಡಿದ ಕಛೇರಿ ಮಾತ್ರ ಯಾವ ಕೋಶದಲ್ಲೂ ಇರುವುದಿಲ್ಲ. ಸಿಗದಿದ್ದರೆ ಚಿಂತೆಯಿಲ್ಲ, ತಪ್ಪಾಗಿ ಸಿಕ್ಕರೆ ಕಷ್ಟ. ಬೆರಳಚ್ಚು ತೆಗೆಯುವುದು ಹಾಡಿನ ಮೊದಲ ಎರಡು ನಿಮಿಷದಿಂದ, ಖಯಾಲಿನ ಧ್ವನಿಮುದ್ರಿಕೆಯಲ್ಲಿ ಅದರ ಒಳ್ಳೇ ಪಾಲು ತಂಬೂರಿಯೇ. ಅದಕ್ಕೇ ಪಿಕಾರ್ಡಿನ ಆಯ್ಕೆಗಳಲ್ಲಿ ಫೈಲಿನ ಹೆಸರು ಬದಲಿಸುವುದು, ಫೈಲು ಸರಿಸುವುದು, ಹಳೆಯ ಟ್ಯಾಗ್ ಅಳಿಸುವುದು ಮೂರನ್ನೂ ಬಂದ್ ಮಾಡಿ, ಒಂದೊಂದೇ ಆಲ್ಬಮ್ ಕೊಡಬೇಕು. ಇಡೀ ಡಿಸ್ಕನ್ನು ಒಮ್ಮೆಲೇ ಎಳೆದು ಹಾಕಿದರೆ ಒಂದೇ ಕ್ಯಾಸೆಟ್ಟಿನ ಆರು ಹಾಡು ಆರು ‘ಸುವರ್ಣ ಸಂಗ್ರಹ’ಗಳಿಗೆ ಹಂಚಿಹೋಗುತ್ತವೆ.

ಉಳಿದದ್ದಕ್ಕೆ ಕೈಯಿಂದ ಟ್ಯಾಗ್ ತಿದ್ದುವ ತಂತ್ರಾಂಶ ಎಂಪಿ3ಟ್ಯಾಗ್, ಪಕ್ಕದಲ್ಲಿ ಕಾಕಾರ ಕಿವಿ.

“ಇದು ಸವಾಯಿದ್ದಲ್ಲಪಾ. ಚಪ್ಪಾಳಿ ಕೇಳು, ಸಣ್ಣ ಹಾಲಿನ ಚಪ್ಪಾಳಿ ಅದ.”

“ಹಂಗಾದ್ರ ಜಾಗಾ ಖಾಲಿ ಬಿಡ್ಲೇನ್ರಿ ಕಾಕಾ?”

“ಖಾಲಿ ಬಿಡು. ಗೊತ್ತಿಲ್ಲದ್ದು ಬರೀಬ್ಯಾಡ.”

ಈ ಕಾರಣಕ್ಕೇ ಹಳೆಯ ಟೇಪುಗಳನ್ನು ಡಿಜಿಟಲ್ ಮಾಡುವವರು ಚಪ್ಪಾಳೆ, ಶ್ರುತಿ ಮಾಡಿಕೊಳ್ಳುವುದು, ನಿರೂಪಕರ ಮಾತು ಇವನ್ನೆಲ್ಲ ‘ಶುದ್ಧ’ ಮಾಡುವ ಹುರುಪಿನಲ್ಲಿ ಕತ್ತರಿಸಬಾರದು. ‘ಆಕಾಶವಾಣಿ, ಧಾರವಾಡ’ ಎಂದು ಶುರುವಾಗುವ ಇಪ್ಪತ್ತು ಸೆಕೆಂಡಿನಲ್ಲಿ ಗಾಯಕರು, ರಾಗ, ತಬಲಾ, ಹಾರ್ಮೋನಿಯಂ ಎಲ್ಲವೂ ಇರುತ್ತವೆ. ಟ್ಯಾಗಿಗೆ ಅದಕ್ಕಿಂತ ಗಟ್ಟಿಯಾದ ಆಧಾರ ಬೇರೊಂದಿಲ್ಲ.

ಟೇಪು ಸರಿಯಾದ ವೇಗದಲ್ಲಿ ಓಡಿದೆಯೇ ಎಂಬುದನ್ನೂ ಟ್ಯಾಗ್ ಹಾಕುವ ಮೊದಲೇ ನೋಡಿಕೊಳ್ಳಬೇಕು. ಶೇಕಡಾ 6ರಷ್ಟು ವೇಗ ಹೆಚ್ಚಾದರೆ ಶ್ರುತಿ ಅರ್ಧ ಸ್ವರ ಏರುತ್ತದೆ. ಹಾರ್ಮೋನಿಯಂನ ಕಪ್ಪು ಒಂದರ ಶ್ರುತಿಯ ಕಛೇರಿ ಬಿಳಿ ಎರಡರದ್ದಾಗಿ, ಯಾರ ದನಿ ಎಂಬ ಗುರುತೇ ತಪ್ಪುತ್ತದೆ. ಅದೇ ಗಾಯಕರ ಬೇರೆ ಧ್ವನಿಮುದ್ರಿಕೆಯ ಷಡ್ಜದೊಡನೆ ಹೋಲಿಸಿದರೆ ತಿಳಿಯುತ್ತದೆ. ಕಛೇರಿಯ ಟೇಪಿನಲ್ಲಿ ವಿದ್ಯುತ್ತಿನ ಗುಂಯ್‌ಗುಡುವ ಸದ್ದು ಸೇರಿದ್ದರೆ ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ಅದರ ಆವರ್ತನವನ್ನೂ ಅಳೆಯಬಹುದು. 50 ಹರ್ಟ್ಸ್ ಇರಬೇಕಾದ್ದು 52 ತೋರಿಸಿದರೆ ವೇಗ ಶೇಕಡಾ 4ರಷ್ಟು ಹೆಚ್ಚು. ಆಗಿನ ವಿದ್ಯುತ್ ಜಾಲದ ಆವರ್ತನವೇ ಏರುಪೇರಾಗುತ್ತಿದ್ದುದರಿಂದ ಇದು ಅಂದಾಜಿಗೆ ಮಾತ್ರ. ಅಲ್ಲದೆ, ಡಿಜಿಟಲ್ ಮಾಡುವಾಗ ಈಗಿನ ಮನೆಯ ವೈರಿನಿಂದ ಸೇರಿದ ಸದ್ದು ಯಾವಾಗಲೂ 50ರಲ್ಲೇ ಇರುತ್ತದೆ. ಅದನ್ನು ಅಳೆದು ಸಮಾಧಾನಪಟ್ಟುಕೊಳ್ಳಬಾರದು.

ಇನ್ನು ಯಾವ ಮನೆಗೆ ಏನು? ಸಿನಿಮಾ ಹಾಡಿಗೆ ಉತ್ತರ ಸುಲಭ: ಆಲ್ಬಮ್ ಅಂದರೆ ಚಿತ್ರ, ಕಲಾವಿದ ಅಂದರೆ ಹಾಡಿದವರು, ಕಂಪೋಸರ್ ಅಂದರೆ ಸಂಗೀತ ನಿರ್ದೇಶಕರು, ಸಾಹಿತ್ಯಕ್ಕೆ ಪ್ರತ್ಯೇಕ ಮನೆ ಇದೆ. ‘ಆಲ್ಬಮ್ ಆರ್ಟಿಸ್ಟ್’ ಜಾಗದಲ್ಲಿ ‘ವಿವಿಧ ಗಾಯಕರು’ ಎಂದು ಹಾಕದಿದ್ದರೆ ಆರು ಹಾಡಿನ ಚಿತ್ರ ನಾಲ್ಕು ತುಂಡಾಗಿ ಕಾಣುತ್ತದೆ. ಅಂತರ್ಜಾಲದಿಂದ ಇಳಿಸಿದ ಹಾಡುಗಳಲ್ಲಿ ಕಲಾವಿದನ ಜಾಗಕ್ಕೆ ನಾಯಕನಟನ ಹೆಸರು ಬರೆಯುವ ಚಾಳಿ ಬೇರೆ. ‘ರಾಜ್‌ಕುಮಾರ್’ ಎಂದಿದ್ದರೆ ಆಲಿಸಿಯೇ ತೀರ್ಮಾನಿಸಬೇಕು. 1974ರ ‘ಸಂಪತ್ತಿಗೆ ಸವಾಲ್’ಗೆ ಮೊದಲಿನದಾದರೆ ದನಿ ಪಿ. ಬಿ. ಶ್ರೀನಿವಾಸ್ ಅವರದಿರುವ ಸಂಭವವೇ ಹೆಚ್ಚು.

ದಾಸರ ಪದಗಳಿಗೆ ‘ಕಂಪೋಸರ್’ ಜಾಗ ತುಂಬಲು ಕೋಶ ಬೇಡ, ಕೊನೆಯ ಚರಣ ಕೇಳಿದರಾಯಿತು. ಅಂಕಿತ ಅಲ್ಲಿರುತ್ತದೆ. ಪುರಂದರ ವಿಠಲ ಅಂದರೆ ಪುರಂದರದಾಸರು, ಕಾಗಿನೆಲೆಯಾದಿಕೇಶವ ಅಂದರೆ ಕನಕದಾಸರು, ವಿಜಯ ವಿಠಲ ಅಂದರೆ ವಿಜಯದಾಸರು, ಗೋಪಾಲ ವಿಠಲ ಅಂದರೆ ಗೋಪಾಲದಾಸರು. ಕೂಡಲಸಂಗಮದೇವ ಕೇಳಿದರೆ ಬಸವಣ್ಣ, ಶಿಶುನಾಳಧೀಶ ಕೇಳಿದರೆ ಷರೀಫರು. ಪುಣೆಯ ಸಂಗ್ರಹವಾದ್ದರಿಂದ ಮರಾಠಿ ಭಕ್ತಿಪದಗಳಾದ ಅಭಂಗಗಳೂ ದಂಡಿಯಾಗಿದ್ದವು. ಅಲ್ಲಿಯೂ ಇದೇ ಉಪಾಯ: ‘ತುಕಾ ಮ್ಹಣೆ’ ಅಂದರೆ ತುಕಾರಾಮ, ‘ನಾಮಾ ಮ್ಹಣೆ’ ಅಂದರೆ ನಾಮದೇವ, ‘ಏಕಾ ಜನಾರ್ದನಿ’ ಅಂದರೆ ಏಕನಾಥ. ತೊಡಕು ಬರುವುದು ಬರೀ ‘ವಿಠಲ’ ಕೇಳಿಸಿ ಮುಂದಿನ ಪದ ಚಪ್ಪಾಳೆಯಲ್ಲಿ ಮುಚ್ಚಿಹೋದಾಗ, ಇಲ್ಲವೇ ತಟ್ಟೆಯ ಮೂರು ನಿಮಿಷಕ್ಕೆ ಹೊಂದಿಸಲು ಕೊನೆಯ ಚರಣವನ್ನೇ ಬಿಟ್ಟಿರುವಾಗ. ಆಗ ಪದಸಂಪುಟ ತೆರೆಯಬೇಕು. ಎಲ್ಲ ವಿಠಲನನ್ನೂ ಪುರಂದರದಾಸರ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವುದನ್ನು ಸಾಕಷ್ಟು ಸಂಗ್ರಹಗಳಲ್ಲಿ ಕಾಣಬಹುದು.

ಖಯಾಲಿಗೆ ಸಿದ್ಧ ಮನೆಗಳು ಸಾಲವು. ರಾಗಕ್ಕೆ, ತಾಳಕ್ಕೆ ಹೊಸ ಜಾಗ ಮಾಡಿಕೊಳ್ಳಬೇಕು. ಆ ಜಾಗದ ಹೆಸರನ್ನು ರೋಮನ್ ಅಕ್ಷರದಲ್ಲೇ ಕೊಡಬೇಕು, ಫ್ಲ್ಯಾಕ್ ಬಳಸುವ ಟ್ಯಾಗಿನ ನಿಯಮವೇ ಹಾಗಿದೆ. ಒಳಗೆ ಬರೆಯುವುದು ಕನ್ನಡದಲ್ಲಿರಬಹುದು. ಫೋನಿನ ಪ್ಲೇಯರುಗಳು ಹೀಗೆ ನಾವು ಮಾಡಿಕೊಂಡ ಜಾಗಗಳನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ, ಹಾಗಾಗಿ ಶೀರ್ಷಿಕೆಯಲ್ಲೂ ರಾಗ, ಬಂದಿಶಿನ (ಹಾಡಿದ ರಚನೆಯ) ಮೊದಲ ಸಾಲು, ತಾಳ ಇದೇ ಕ್ರಮದಲ್ಲಿ ಬರಲಿ. ಪದ್ಧತಿ ಯಾವುದೆಂದು ಪ್ರಕಾರದ ಜಾಗದಲ್ಲಿ ಬರೆಯದಿದ್ದರೆ ರಾಗದ ಹೆಸರು ದಾರಿ ತಪ್ಪಿಸುತ್ತದೆ. ಹಿಂದುಸ್ತಾನಿಯ ಹಿಂದೋಲ್ ಬೇರೆ, ಕರ್ನಾಟಕ ಸಂಗೀತದ ಹಿಂದೋಳ ಬೇರೆ. ಆ ಹಿಂದೋಳಕ್ಕೆ ಹಿಂದುಸ್ತಾನಿಯಲ್ಲಿ ಮಾಲಕಂಸ ಎನ್ನುತ್ತಾರೆ. ತೋಡಿಯೂ ಎರಡೂ ಕಡೆ ಒಂದೇ ಅಲ್ಲ. ಭೂಪ್, ಮೋಹನ ಒಂದೇ ಐದು ಸ್ವರದವು, ಆದರೂ ಹುಡುಕಿದಾಗ ಒಟ್ಟಿಗೆ ಬರಲೆಂದು ಒಂದೇ ಹೆಸರು ಕೊಟ್ಟರೆ ಕಾಕಾರಂಥವರು ಸುಮ್ಮನಿರುವುದಿಲ್ಲ.

ಸಿ-90 ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿಯುವುದು 45 ನಿಮಿಷಕ್ಕೆ, ಎಷ್ಟೋ ಸಲ ವಿಲಂಬಿತದ, ಅಂದರೆ ನಿಧಾನಗತಿಯ ಭಾಗದ, ನಡುವೆಯೇ. ತಿರುಗಿಸಿ ಹಾಕುವಷ್ಟರಲ್ಲಿ ಒಂದಿಷ್ಟು ಹಾಡು ಹೋಗಿರುತ್ತದೆ. ಎರಡನ್ನೂ ಅಂಟಿಸಿ ಏನೂ ಆಗಿಲ್ಲವೆಂಬಂತೆ ತೋರಿಸುವುದಕ್ಕಿಂತ, ಎ ಮಗ್ಗುಲನ್ನು ಡಿಸ್ಕ್ 1, ಬಿ ಮಗ್ಗುಲನ್ನು ಡಿಸ್ಕ್ 2 ಎಂದು ಟ್ಯಾಗ್ ಮಾಡುವುದು ನೇರ. ಬರೆಯದ ಮಗ್ಗುಲುಗಳ ಕ್ರಮಕ್ಕೆ ರಾಗದ ಸಮಯ ಸ್ವಲ್ಪ ನೆರವಾಗುತ್ತದೆ. ರಾತ್ರಿಯಿಡೀ ನಡೆದ ಕಛೇರಿಯಲ್ಲಿ ಬಾಗೇಶ್ರೀಯ ಮುಂದೆ ಲಲತ್ ಬಂದಿರಬೇಕು. ಭೈರವಿಯನ್ನು ಮಾತ್ರ ಬೆಳಗಿನದೆಂದು ಹಿಡಿಯುವಂತಿಲ್ಲ, ಅದು ಯಾವ ಹೊತ್ತಿನ ಕಛೇರಿಯನ್ನಾದರೂ ಮುಗಿಸುತ್ತದೆ.

ಕನ್ನಡ ಲಿಪಿಯ ಗೊಂದಲಗಳು ಬೇರೆಯೇ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಟ್ಯಾಗುಗಳು ತಲೆಯ ಮೇಲೆ ಗೀಟು-ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಅವು ಹಾಳಾಗಿಲ್ಲ. ಪರಿವರ್ತಕಕ್ಕೆ ಹಾಕಿದರೆ ಯೂನಿಕೋಡ್ ಆಗಿ ಹೊರಬರುತ್ತವೆ. ಇದಕ್ಕಿಂತ ತಲೆ ತಿನ್ನುವುದು ಕಣ್ಣಿಗೆ ಒಂದೇ ಆಗಿ ಕಂಡು ಪಟ್ಟಿಯಲ್ಲಿ ಎರಡಾಗಿ ನಿಲ್ಲುವ ಹೆಸರುಗಳು. ‘ಜೋಶಿ’ಯ ಓತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಹಳೆಯ ಮ್ಯಾಕ್ ಡಿಸ್ಕುಗಳು ಫೈಲಿನ ಹೆಸರನ್ನು ತುಂಡಾಗಿಸಿಯೇ ಇಟ್ಟುಕೊಳ್ಳುತ್ತಿದ್ದವು. ಅಲ್ಲಿಂದ ಹೆಸರು ಎತ್ತಿ ಟ್ಯಾಗ್ ಮಾಡಿದರೆ ಇಬ್ಬರು ಭೀಮಸೇನ ಜೋಶಿ ಹುಟ್ಟುತ್ತಾರೆ. ‘ರಾಜ್‌ಕುಮಾರ್’ನ ನಡುವೆ ಒತ್ತಕ್ಷರ ತಡೆಯಲು ಹಾಕುವ ಕಾಣದ ಸಂಕೇತ ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೂ ಹೀಗೇ. ಮದ್ದು ಸರಳ: ಹೆಸರುಗಳ ಒಂದು ಪಟ್ಟಿ ಮಾಡಿಟ್ಟುಕೊಂಡು, ಪ್ರತಿಸಲ ಟೈಪ್ ಮಾಡದೆ ಅದರಿಂದಲೇ ಅಂಟಿಸುವುದು. ಮನ್ಸೂರ, ಮನಸೂರ ಎರಡರಲ್ಲಿ ಯಾವುದೆಂಬ ಜಗಳವೂ ಅಲ್ಲಿಗೆ ತೀರುತ್ತದೆ.

ಫೈಲಿನ ಹೆಸರು ಮಾತ್ರ ರೋಮನ್ ಅಕ್ಷರದಲ್ಲಿ, ಚಿಕ್ಕದಾಗಿರಲಿ. ಮನೆಯಲ್ಲಿಡುವ ನೆಟ್‌ವರ್ಕ್ ಡಿಸ್ಕುಗಳು ಬಹುಮಟ್ಟಿಗೆ ಲಿನಕ್ಸ್‌ನವು. ಅಲ್ಲಿ ಒಂದು ಹೆಸರಿಗೆ ಸಾಮಾನ್ಯವಾಗಿ 255 ಬೈಟಿನ ಮಿತಿ. ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟು, ‘ಕ್ಷ’ಕ್ಕೆ 9, ‘ಭೀಮಸೇನ ಜೋಶಿ’ ಎಂಬಷ್ಟಕ್ಕೇ 31. ರಾಗ, ಬಂದಿಶ್, ಸ್ಥಳ, ಇಸವಿ ಎಲ್ಲವನ್ನೂ ಹೆಸರಿಗೆ ಪೋಣಿಸಿದರೆ ನಕಲು ಮಾಡುವಾಗ ಅರ್ಧದಲ್ಲೇ ನಿಲ್ಲುತ್ತದೆ.

‘ತಿದ್ದಿದೆ, ಆದರೂ ಹಳೆಯದೇ ತೋರಿಸುತ್ತದೆ’ ಎಂಬ ದೂರಿಗೆ ಕಾರಣ ಒಂದೇ ಎಂಪಿ3ಯಲ್ಲಿ ಮೂರು ಪದರ ಟ್ಯಾಗ್ ಇರುವುದು. ಬಾಲದಲ್ಲಿ 128 ಬೈಟಿನ ಐಡಿ3 ಎಂಬ ಟ್ಯಾಗ್ ಪದ್ಧತಿಯ ಹಳೆಯ ಆವೃತ್ತಿ ಐಡಿ3 1, ಅದರಲ್ಲಿ ಶೀರ್ಷಿಕೆಗೆ ಮೂವತ್ತೇ ಅಕ್ಷರ. ತಲೆಯಲ್ಲಿ ಐಡಿ3 2. ಕೆಲವಲ್ಲಿ ಎಂಪಿ3ಗೇನ್‌ನಂಥ ಸಲಕರಣೆ ಸೇರಿಸಿದ ಎಪಿಇ ಟ್ಯಾಗು. ನೀವು ತಿದ್ದಿದ್ದು ಒಂದು, ಪ್ಲೇಯರು ಓದುವುದು ಇನ್ನೊಂದು. ಎಂಪಿ3ಟ್ಯಾಗಿನ ಆಯ್ಕೆಗಳಲ್ಲಿ ಐಡಿ3 1 ಮತ್ತು ಎಪಿಇ ಎರಡನ್ನೂ ತೆಗೆದುಹಾಕಲು ಗುರುತು ಹಾಕಿ, ಐಡಿ3 2.3, ಯುಟಿಎಫ್-16 ಬರೆಯಲು ಹೇಳಿದರೆ ಈ ಕಾಟ ತಪ್ಪುತ್ತದೆ. 2.4 ಹೊಸದು, ಆದರೆ ಹಳೆಯ ಸಾಧನಗಳು ಅದನ್ನು ಓದಲು ತಡವರಿಸುತ್ತವೆ.

ಕಾರಿನ ಪೆನ್‌ಡ್ರೈವಿಗೆ ಪ್ರತ್ಯೇಕ ನಕಲೇ ಬೇಕು. ಮೂಲ ಫ್ಲ್ಯಾಕ್‌ನಲ್ಲಿರಲಿ, ಕಾರಿಗೆ ಎಂಪಿ3 ಸಾಕು. ಎಷ್ಟೋ ಕಾರ್ ಸ್ಟೀರಿಯೊಗಳಲ್ಲಿ ಕನ್ನಡ ಅಕ್ಷರದ ಬದಲು ಚೌಕ ಡಬ್ಬಿಗಳ ಸಾಲು ಬರುವುದರಿಂದ ಆ ನಕಲಿಗೆ ಟ್ಯಾಗೂ ರೋಮನ್‌ನಲ್ಲಿ. ವಿಲಂಬಿತ, ದ್ರುತ್ (ವೇಗದ ಭಾಗ) ಎಂದು ತುಂಡರಿಸಿದ್ದರೆ ಇಲ್ಲಿ ಒಂದೇ ಫೈಲು ಮಾಡಿಬಿಡಬೇಕು. ಎಂಪಿ3 ಮಾಡುವಾಗ ಪ್ರತಿ ಫೈಲಿನ ಆದಿ-ಅಂತ್ಯಕ್ಕೆ ಚೂರು ಮೌನ ಸೇರುತ್ತದೆ, ಸಮ್ (ತಾಳದ ಮೊದಲ ಪೆಟ್ಟು) ಬೀಳುವ ಹೊತ್ತಿಗೆ ಸರಿಯಾಗಿ ಅದು ಕಿವಿಗೆ ಚುಚ್ಚುತ್ತದೆ. ಡ್ರೈವು ಎಫ್‌ಎಟಿ32 ಫಾರ್ಮ್ಯಾಟಿನಲ್ಲಿರಲಿ. ಹೆಸರಿನ ಮೊದಲು 1, 2 ಎಂದು ಹಾಕದೆ 01, 02 ಎಂದು ಹಾಕಬೇಕು, ಇಲ್ಲದಿದ್ದರೆ 1ರ ಬೆನ್ನಿಗೆ 10 ಬರುತ್ತದೆ. ಇಷ್ಟಾದರೂ ಕ್ರಮ ತಪ್ಪಿದರೆ ಆ ಸ್ಟೀರಿಯೊ ಹೆಸರು ನೋಡದೆ, ಡ್ರೈವಿಗೆ ಬರೆದ ಕ್ರಮದಲ್ಲೇ ನುಡಿಸುತ್ತಿದೆ ಎಂದರ್ಥ. ಡ್ರೈವನ್ನು ಪೂರ್ತಿ ಅಳಿಸಿ, ಫೋಲ್ಡರುಗಳನ್ನು ಒಂದಾದ ಮೇಲೊಂದರಂತೆ ನಕಲು ಮಾಡಬೇಕು.