ಚಿನ್ನಿಯ ಎಡಗಿವಿ

ರಾತ್ರಿ ಹತ್ತೂವರೆ ಇರಬೇಕು. ಹಾಲ್‌ನಿಂದ ಪಟಪಟ ಸದ್ದು. ನಮ್ಮ ನಾಯಿ ಚಿನ್ನಿ ತಲೆ ಒದರುತ್ತಿದ್ದಳು. ಕಾಕರ್ ಸ್ಪ್ಯಾನಿಯಲ್ ತಳಿಯ ನಾಯಿ ತಲೆ ಒದರಿದರೆ ಆ ಉದ್ದ ಕಿವಿಗಳು ಒದ್ದೆ ಬಟ್ಟೆ ಕೊಡವಿದಂತೆ ಸದ್ದು ಮಾಡುತ್ತವೆ, ನಮಗದು ರೂಢಿ. ಆದರೆ ಅವತ್ತು ನಿಲ್ಲಲೇ ಇಲ್ಲ. ತಲೆಯನ್ನು ಎಡಕ್ಕೆ ವಾಲಿಸಿಕೊಂಡು ಸೋಫಾದ ಅಂಚಿಗೆ ಕಿವಿ ಉಜ್ಜುತ್ತಾಳೆ, ಮತ್ತೆ ಒದರುತ್ತಾಳೆ. ಮುಟ್ಟಲು ಹೋದರೆ ಕುಂಯ್ ಎಂದು ಹಿಂದೆ ಸರಿದಳು. ಮನೆಗೆ ಬಂದ ಎರಡು ವರ್ಷದಲ್ಲಿ ಅವಳು ನನ್ನ ಕೈಗೆ ಹೆದರಿದ್ದು ಅದೇ ಮೊದಲು.

ಅವಳನ್ನು ತರುವ ಮುಂಚೆ ನಾವು ತಿಂಗಳುಗಟ್ಟಲೆ ವಿಚಾರಿಸಿದ್ದೆವು. ಹೆಂಡತಿಗೆ ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಎಂಬ ಪುಟ್ಟ ಸ್ಪ್ಯಾನಿಯಲ್ ಬೇಕಿತ್ತು. 6ರಿಂದ 8 ಕೆಜಿ ತೂಗುವ, ತೊಡೆಯ ಮೇಲೆ ಮಲಗಿಬಿಡುವ ಜೀವ. ಆ ತಳಿಯಲ್ಲಿ ಹೃದಯದ ಮೈಟ್ರಲ್ ಕವಾಟದ ಕಾಯಿಲೆ ತೀರಾ ಸಾಮಾನ್ಯ ಎಂದು ತಿಳಿದು ಹಿಂಜರಿದೆವು. ನನಗೆ ಸ್ಪ್ರಿಂಗರ್ ಸ್ಪ್ಯಾನಿಯಲ್ ತಳಿಯ ಮೇಲೆ ಆಸೆ. ಅದನ್ನು ದಿನಕ್ಕೆ ಎರಡು ಗಂಟೆಗೂ ಹೆಚ್ಚು ಓಡಾಡಿಸಬೇಕು, ಅಷ್ಟು ಹೊತ್ತು ನಮ್ಮಲ್ಲಿರಲಿಲ್ಲ. ಹೀಗೆ ಕಾಕರ್‌ಗೆ ಬಂದು ನಿಂತೆವು. ತಾಯಿನಾಯಿ ಮಕ್ಕಳ ಹತ್ತಿರ ಹೇಗಿರುತ್ತದೆ ಎಂದು ಕಣ್ಣಾರೆ ನೋಡಿದೆವು. ಕಣ್ಣಿನ ರೆಟಿನಾ ಸವೆದು ನಾಯಿ ಕುರುಡಾಗುವ ಪಿಆರ್‌ಎ ರೋಗಕ್ಕೆ ತಂದೆತಾಯಿಯ ಡಿಎನ್‌ಎ ಪರೀಕ್ಷೆಯ ವರದಿ ಕೇಳಿ ಪಡೆದೆವು. ಮರಿಗೆ 8 ವಾರ ತುಂಬಿದ ಮೇಲೆಯೇ ಮನೆಗೆ ತಂದದ್ದು. ಇಷ್ಟೆಲ್ಲ ಕೇಳಿದವನು ಕಿವಿಯ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಆ ಕಿವಿಗಳನ್ನು ನೋಡಿಯೇ ಅಲ್ಲವೇ ಮಗಳು "ಇವಳೇ ಬೇಕು" ಎಂದದ್ದು!

ಆ ರಾತ್ರಿ ನಾನು ಟಾರ್ಚ್ ಹಾಕಿ ಇಯರ್‌ಬಡ್ ಕೈಗೆತ್ತಿಕೊಂಡೆ.

"ಬೇಡ ರೀ, ಒಳಗೇನಿದೆಯೋ ಏನೋ," ಎಂದು ಹೆಂಡತಿ ತಡೆದಳು.

ಅವಳು ತಡೆದದ್ದು ಎಷ್ಟು ಒಳ್ಳೆಯದಾಯಿತೆಂದು ಬೆಳಿಗ್ಗೆ ಗೊತ್ತಾಯಿತು. ನಾಯಿಯ ಕಿವಿಯ ನಾಳ ಮೊದಲು ಕೆಳಕ್ಕಿಳಿದು ಆಮೇಲೆ ಒಳಕ್ಕೆ ತಿರುಗುತ್ತದೆ. ಹೊರಗಿನಿಂದ ಏನೂ ಕಾಣಿಸದು, ಕಡ್ಡಿ ಹಾಕಿದರೆ ಇದ್ದದ್ದು ಇನ್ನೂ ಆಳಕ್ಕೆ ಹೋಗುತ್ತದೆ. ಡಾಕ್ಟರು ಮಂಪರು ಬರುವ ಇಂಜೆಕ್ಷನ್ ಕೊಟ್ಟು, ಉದ್ದನೆಯ ಚಿಮಟದಿಂದ ನಿಧಾನಕ್ಕೆ ಎಳೆದು ತೆಗೆದದ್ದು ಒಂದು ಹುಲ್ಲಿನ ಬೀಜ. ಕಿರುಬೆರಳಿನ ಉಗುರಿನಷ್ಟೂ ಇರಲಿಲ್ಲ. ಅದರ ಮುಳ್ಳುಗಳೆಲ್ಲ ಒಂದೇ ಕಡೆಗೆ ಬಾಗಿರುತ್ತವಂತೆ, ಹಾಗಾಗಿ ಮುಂದಕ್ಕೆ ಹೋಗುವುದೇ ಹೊರತು ಹಿಂದಕ್ಕೆ ಬರುವುದಿಲ್ಲ. ಕಿವಿಯ ತಮಟೆಗೆ ಸ್ವಲ್ಪ ಈಚೆ ನಿಂತಿತ್ತು. ತಮಟೆ ಹರಿದಿರಲಿಲ್ಲ ಎಂದು ಕೇಳಿದಾಗ ನನಗೆ ಉಸಿರು ಬಂತು.

ಹಿಂದಿನ ಸಂಜೆ ಅವಳು ಒಣಹುಲ್ಲಿನೊಳಗೆ ನುಗ್ಗಿದ್ದಳು. ನುಗ್ಗದೆ ಏನು ಮಾಡಿಯಾಳು? ಪೊದೆಯೊಳಗೆ ಹೊಕ್ಕು ಹಕ್ಕಿ ಎಬ್ಬಿಸಲೆಂದೇ ಬೆಳೆಸಿದ ತಳಿ ಅದು. ಕಾಕರ್ ಎಂಬ ಹೆಸರು ಬಂದದ್ದೂ ವುಡ್‌ಕಾಕ್ ಹಕ್ಕಿಯ ಬೇಟೆಯಿಂದಲೇ. ಮೂಗು ನೆಲಕ್ಕಿಟ್ಟು ಹೊರಟರೆ ಕಿವಿಗಳು ಎರಡೂ ಬದಿ ನೆಲ ಗುಡಿಸುತ್ತಾ ಹೋಗುತ್ತವೆ. ಅವಳ ಆ ಖುಷಿಯನ್ನು ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ. ನೋಡಿಕೊಳ್ಳಬೇಕಾದವರು ನಾವು.

ಈಗ ತಿರುಗಾಟ ಮುಗಿಸಿ ಬಂದ ಕೂಡಲೇ ಕಿವಿ, ಕಂಕುಳು, ಕಾಲ್ಬೆರಳ ಸಂದುಗಳಲ್ಲಿ ಕೈಯಾಡಿಸುತ್ತೇವೆ. ಕಿವಿಯ ಒಳಮೈ ಕೂದಲನ್ನು ಮೋಟಾಗಿ ಕತ್ತರಿಸಿಡುತ್ತೇವೆ, ಗಾಳಿಯಾಡಲಿ ಎಂದು. ಜೋತುಬಿದ್ದ ಕಿವಿಯೊಳಗೆ ತೇವ ನಿಂತರೆ ಯೀಸ್ಟ್ ಎಂಬ ಶಿಲೀಂಧ್ರ ಬೆಳೆಯಲು ತಡವಿಲ್ಲ, ಸ್ನಾನವಾದ ಮೇಲೆ ಒರೆಸಿ ಒಣಗಿಸಲೇಬೇಕು. ನೀರಿಗೆ ಬಾಯಿ ಕಿರಿದಾದ ಎತ್ತರದ ಬಟ್ಟಲು ಇಟ್ಟಿದ್ದೇವೆ, ಕಿವಿ ಹೊರಗೇ ಉಳಿಯುತ್ತದೆ. ವಾರಕ್ಕೊಮ್ಮೆ ಕಿವಿ ಮೂಸಿ ನೋಡುವ ಕೆಲಸ ಮಗಳದು. "ಅಪ್ಪಾ, ವಾಸನೆ ಇಲ್ಲ," ಎಂದು ಗಂಭೀರವಾಗಿ ವರದಿ ಒಪ್ಪಿಸುತ್ತಾಳೆ.

ಹತ್ತು ದಿನ ಡ್ರಾಪ್ಸ್ ಹಾಕಿದೆವು. ಗಾಯ ವಾಸಿಯಾಗಿ ತಿಂಗಳುಗಳೇ ಆದವು. ಬಲಗಿವಿಯನ್ನು ಈಗಲೂ ತಾನಾಗಿ ನನ್ನ ಅಂಗೈಗೆ ಒಡ್ಡುತ್ತಾಳೆ. ಎಡಗಿವಿಯ ಹತ್ತಿರ ಕೈ ಹೋದರೆ ಒಂದು ಕ್ಷಣ ತಡೆದು ನನ್ನ ಮುಖ ನೋಡುತ್ತಾಳೆ. ನಾನು ಕೈ ಅಲ್ಲಿಯೇ ಹಿಡಿದು ಕಾಯುತ್ತೇನೆ. ಆಮೇಲೆ ಮೆಲ್ಲಗೆ ತಲೆ ವಾಲಿಸುತ್ತಾಳೆ.